ಕಲ್ಲು ಹೊದ್ದ ಮೇಜು

ರಾಜೂರಿನ ನನ್ನ ಬಂಧುಗಳ ಮನೆಯಲ್ಲಿ ಆಸ್ತಿ ಹಂಚಿಕೆ ನಡೆದಾಗ, ಹೊಲಮನೆಗಳಿಗೆ ಬಾರದ ಜಗಳ ಒಂದು ಮೇಜಿನ ಸಲುವಾಗಿ ಬಂದಿತು. ಮುಂಬಯಿಯಲ್ಲಿದ್ದ ಹಿರಿಯರು 1980ರ ದಶಕದ ಕೊನೆಗೆ ತಂದಿದ್ದ ಮೇಜು ಅದು. ದುಂಡನೆಯ ದಪ್ಪ ಕಾಲು, ಮೈತುಂಬ ಬೆಣ್ಣೆಬಣ್ಣದ ಕಲ್ಲುಚೂರುಗಳ ಜೋಡಣೆ, ನಡುವೆ ಹಿತ್ತಾಳೆಯ ಗೆರೆ. ಅಣ್ಣನು ಇಡೀ ಕಲ್ಲೆಂದು ಬೆಲೆ ಏರಿಸಿದನು. ತಮ್ಮನು ಬಗ್ಗಿ ನೋಡಿ, ಒಳಗೆ ಬರಿಯ ಮರದ ಹಲಗೆ, ಇದು ಮೋಸವೆಂದನು. ಹಳೆಯ ಸಾಮಾನುಗಳ ಗೀಳು ನನಗಿದೆಯೆಂದು ಪಂಚಾಯಿತಿಗೆ ಕರೆದರು.

ತಮ್ಮನ ಸಂಶಯ ಸಹಜವಾದುದೇ. ನಮ್ಮ ಸೀಮೆಯಲ್ಲಿ ಕಲ್ಲೆಂದರೆ ಒಳಗೂ ಹೊರಗೂ ಕಲ್ಲು. 1112ರ ಇಟಗಿಯ ಮಹಾದೇವ ದೇವಾಲಯದ ಕಂಬಗಳನ್ನು ಕಂಡ ಕಣ್ಣಿಗೆ, ಕೆಲವೇ ಮಿಲಿಮೀಟರು ದಪ್ಪದ ಕಲ್ಲು ಸುಳ್ಳೆನಿಸುತ್ತದೆ. ಆದರೆ ತಾಜಮಹಲಿನ ಅಮೃತಶಿಲೆಯೂ ಇಟ್ಟಿಗೆಯ ಗೋಡೆಗೆ ಹೊದಿಸಿದ್ದೇ ಅಲ್ಲವೆ?

ಅಲಂಕಾರವನ್ನು ಅಪರಾಧವೆಂದು ಬಗೆದ ಆಧುನಿಕರ ಮೇಲೆ ಮುನಿದ ಕಾಲದ ಕೂಸುಗಳಿವು. ಮಿಲಾನಿನಲ್ಲಿ ಎತ್ತೋರೆ ಸೊತ್ಸಾಸ್ಸರ ಮೆಂಫಿಸ್ ಬಳಗ 1981ರಲ್ಲಿ ತನ್ನ ಮೊದಲ ಪ್ರದರ್ಶನವನ್ನಿಟ್ಟು, ಬಣ್ಣಬೆಡಗಿನ ಪೀಠೋಪಕರಣಗಳಿಂದ ಜಗತ್ತನ್ನು ಬೆಚ್ಚಿಸಿತು. ಅದೇ ವರ್ಷಗಳಲ್ಲಿ ಫಿಲಿಪೈನ್ಸಿನ ಸೆಬುವಿನ ಕುಶಲಕರ್ಮಿಗಳು ಕಲ್ಲನ್ನು ತೆಳ್ಳಗೆ ಕೊಯ್ದು, ಚೂರು ಚೂರಾಗಿ ಹಲಗೆಗೆ ಅಂಟಿಸಿ, ಉಜ್ಜಿ ಹೊಳಪೇರಿಸಿ ಅಮೆರಿಕೆಯ ದಿವಾನಖಾನೆಗಳಿಗೆ ಕಳಿಸುತ್ತಿದ್ದರು. ಇಲ್ಲಿ ಬೆಲೆ ಕಲ್ಲಿನ ತೂಕಕ್ಕಲ್ಲ, ಕೈಗೆಲಸಕ್ಕೆ.

ಆದುದರಿಂದ ಪರೀಕ್ಷೆಯೂ ಬೇರೆ. ಬೆರಳ ಗಿಣ್ಣಿನಿಂದ ಮೆಲ್ಲನೆ ತಟ್ಟುತ್ತ ಹೋಗಬೇಕು; ಪೊಳ್ಳು ಸದ್ದು ಬಂದಲ್ಲಿ ಅಂಟು ಬಿಟ್ಟಿದೆ. ದೀಪವನ್ನು ಓರೆಯಾಗಿ ಹಿಡಿದರೆ ಮೆತ್ತಿದ ಲಪ್ಪ ಕಾಣುತ್ತದೆ. ಹಿತ್ತಾಳೆ ಎದ್ದಿದ್ದರೆ ಹಲಗೆ ತೇವ ಕುಡಿದು ಉಬ್ಬಿರಬಹುದು. ಇನ್ನು ಕಲ್ಲಿನ ಜಾತಿ. ಇಳಕಲ್ಲಿನ ಗುಲಾಬಿ ಕಲ್ಲು ಹುಳಿಗೆ ಜಗ್ಗದು; ಶಹಾಬಾದಿನ ಕಲ್ಲು ಸುಣ್ಣದ ಜಾತಿ, ಹುಳಿ ತಾಗಿದರೆ ಸವೆಯುತ್ತದೆ. ಇಂಥ ಮೇಜುಗಳಲ್ಲಿ ಹೆಚ್ಚಿನವು ಈ ಎರಡನೆಯ ಕುಲದವೇ.

ರಾಜೂರಿನ ಮೇಜಿನ ಮೇಲೆ ಗೆರೆಯ ಗುಂಟ ಒಂದು ಮಂಕು ಪಟ್ಟಿ ಕಂಡಿತು. ವಿಚಾರಿಸಿದರೆ, ಹಬ್ಬಕ್ಕೆ ಸಮೆ ಚೆಂಬುಗಳನ್ನು ತಿಕ್ಕಿದ ಹುಣಸೆಹಣ್ಣಿನಿಂದಲೇ ಇದನ್ನೂ ತಿಕ್ಕಿದ್ದರಂತೆ. ಪಾಪ, ಹಿತ್ತಾಳೆ ಬೆಳಗಿತು, ಕಲ್ಲು ಕಂದಿತು. ಅದು ಕಲೆಯಲ್ಲ, ಗಾಯ, ಒರೆಸಿದರೆ ಹೋಗದು. ಮತ್ತೆ ಉಜ್ಜಿಸಬಹುದು, ಆದರೆ ಪ್ರತಿ ಉಜ್ಜಿಗೂ ಆ ತೆಳುಚರ್ಮ ಇನ್ನಷ್ಟು ತೆಳುವಾಗುತ್ತದೆ. ನಿಂಬೆ, ಮಜ್ಜಿಗೆ, ಹುಣಸೆ ಹತ್ತಿರ ಸುಳಿಯಬಾರದು. ಹಿಂಡಿದ ಅರಿವೆಯಿಂದ ಒರೆಸಿ, ಕೂಡಲೆ ಒಣಬಟ್ಟೆ ಆಡಿಸಿದರೆ ಸಾಕು. ನಮ್ಮ ಬೇಸಿಗೆಯ ಪಡುವಣ ಬಿಸಿಲಿಗೆ ಇಡಬಾರದು. ಮರ, ಕಲ್ಲು, ಅಂಟು ಒಂದೊಂದು ಒಂದೊಂದು ಪರಿ ಹಿಗ್ಗುತ್ತವೆ. ಸರಿಸುವಾಗ ಎಳೆಯದೆ ಬುಡದಿಂದ ಎತ್ತಬೇಕು. ಉದುರಿದ ಚೂರನ್ನಂತೂ ಎಸೆಯಲೇಬಾರದು. ಅದೇ ಬಣ್ಣದ ಇನ್ನೊಂದು ಸಿಕ್ಕುವುದು ದುರ್ಲಭ.

ಇಷ್ಟನ್ನು ಹೇಳಿ, ಅಣ್ಣನು ಹೇಳಿದ ಬೆಲೆಯ ಅರ್ಧವನ್ನು ಸೂಚಿಸಿದೆನು. ಮೋಸವೆಂದ ತಮ್ಮನೇ ಆ ಬೆಲೆಗೆ ಒಪ್ಪಿ ಮೇಜನ್ನು ಇಟ್ಟುಕೊಂಡನು. ಮೂಲೆಯಲ್ಲಿ ಎರಡು ಚೂರುಗಳು ಬಿದ್ದುಹೋಗಿದ್ದವು. ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಅವರ ತಾಯಿ ಒಳಗೆ ಹೋಗಿ, ಹಳೆಯ ಕುಂಕುಮದ ಭರಣಿಯನ್ನು ತಂದು ಬೋರಲು ಹಾಕಿದರು. ಎರಡೂ ಅದರಲ್ಲಿದ್ದವು.