ಕಪಿಲೆಯ ದಡದ ಕಡತಗಳಿಗೆ ಮ್ಯಾಕ್‌ನಲ್ಲೊಂದು ಬಿಡಾರ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಓದಬೇಕೆನ್ನುವವರು ಇಂದಿಗೂ ಬಿ.ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟವನ್ನು ತೆರೆಯಬಹುದು. ನೂರಮೂವತ್ತು ವರ್ಷಗಳು ಕಳೆದಿದ್ದರೂ ಅದರ ಒಂದೊಂದು ಅಕ್ಷರವೂ ಇದ್ದಂತೆಯೇ ಇದೆ. ಆದರೆ ಇದೇ ತಾಲ್ಲೂಕುಗಳಲ್ಲಿ ಕೇವಲ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಡಿಟಿಪಿ ಅಂಗಡಿಗಳಲ್ಲಿ ಸಿದ್ಧವಾದ ಕನ್ನಡ ಬರಹದ ಕಥೆ ಹಾಗಿಲ್ಲ. ಜಾತ್ರೆಯ ಕರಪತ್ರವಿರಲಿ, ಶಾಲೆಯ ಸ್ಮರಣ ಸಂಚಿಕೆಯಿರಲಿ, ಕಂಸಾಳೆಯವರಿಂದ ಕೇಳಿ ಬರೆದುಕೊಂಡ ಹಾಡುಗಳಿರಲಿ, ಆ ಕಾಲದ ಗಣಕ ಕಡತವನ್ನು ಇಂದಿನ ಆಪಲ್ ಮ್ಯಾಕ್ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಪರಕೀಯ ಚಿಹ್ನೆಗಳ ಸಂತೆಯೇ ಕಣ್ಣಿಗೆ ಬೀಳುವುದುಂಟು.

ಊರಿನಲ್ಲಿ ಅಪ್ಪ ಅಮ್ಮ ಟೈಪು ಮಾಡಿಸಿಟ್ಟ ಕಡತಗಳನ್ನು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ತಮ್ಮ ಮ್ಯಾಕ್‌ಗೆ ತುಂಬಿಕೊಂಡಾಗ ಈ ಪೇಚು ಎದುರಾಗುತ್ತದೆ. ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಮ್ಯಾಕ್ ಒಳಗೇ ವಿಂಡೋಸ್ ಹಾಕಿಕೊಳ್ಳಿ.’ ಹಾಗೆ ಹಾಕಿಕೊಡುವ ತಂತ್ರಾಂಶಗಳು ಇಂದು ಹಲವಾರಿವೆ. ಯಾವುದನ್ನು ಆರಿಸಬೇಕು ಎಂಬ ಪ್ರಶ್ನೆಗೆ ಉತ್ತರ ತಂತ್ರಾಂಶದ ಹೆಸರಿನಿಂದ ಆರಂಭವಾಗುವುದಿಲ್ಲ, ಕಡತದಿಂದ ಆರಂಭವಾಗುತ್ತದೆ.

ಅಕ್ಷರ ಮಾಯವಾಗುವ ಬಗೆ

ಹಳೆಯ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವವರು ಅಕ್ಷರಗಳನ್ನು ತುಂಡು ತುಂಡಾಗಿ ಕೂಡಿಸುತ್ತಿದ್ದರು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕನ್ನಡದಲ್ಲಿ ಸಾವಿರಾರು ರೂಪಗಳಾಗುವುದರಿಂದ ಪ್ರತಿಯೊಂದಕ್ಕೂ ಒಂದು ಮೊಳೆ ಇಡಲು ಸಾಧ್ಯವಿರಲಿಲ್ಲ. ಕಂಪ್ಯೂಟರ್ ಬಂದಾಗ ಕನ್ನಡಕ್ಕೆ ಫಾಂಟ್ ರೂಪಿಸಿದವರೂ ಇದೇ ದಾರಿ ಹಿಡಿದರು. ಒಂದು ಫಾಂಟಿನಲ್ಲಿ ಇದ್ದದ್ದು ಹೆಚ್ಚೆಂದರೆ 256 ಜಾಗಗಳು. ಅವು ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾಗಿದ್ದವು. ಆ ಜಾಗಗಳಲ್ಲೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಲಾಯಿತು.

ಇದರ ಪರಿಣಾಮವನ್ನು ನಂಜನಗೂಡಿನ ಹೆಸರಿನಲ್ಲೇ ನೋಡಬಹುದು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ‘ನಂ’ ಎಂಬ ಅಕ್ಷರ ಕಡತದೊಳಗೆ ‘ನಂ’ ಆಗಿ ಉಳಿದಿರುವುದಿಲ್ಲ. ಅಲ್ಲಿರುವುದು ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ನೆತ್ತಿಯ ಮೇಲೊಂದು ಓರೆ ಗೀಟಿರುವ ದೊಡ್ಡ ‘ಎ’, ಆಮೇಲೆ ಬರಿಯ ದೊಡ್ಡ ‘ಎ’. ಮುಂದಿನ ‘ಜ’ ಎಂಬುದು ಇಂಗ್ಲಿಷಿನ ಸಣ್ಣ ‘ಡಿ’. ನುಡಿ ಫಾಂಟು ಇರುವವರೆಗೆ ಕಣ್ಣಿಗೆ ಕನ್ನಡವೇ ಕಾಣುತ್ತದೆ. ಫಾಂಟು ತಪ್ಪಿದೊಡನೆ ವೇಷ ಕಳಚಿ, ಒಳಗಿದ್ದ ಚಿಹ್ನೆಗಳು ಹೊರಬೀಳುತ್ತವೆ. ಕಡತ ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಿಬಿಡುವವರಿದ್ದಾರೆ. ವಾಸ್ತವದಲ್ಲಿ ಅದು ಕೆಟ್ಟಿರುವುದಿಲ್ಲ.

ಈ ತಂತ್ರಾಂಶಗಳ ಇತಿಹಾಸವೂ ಸ್ವಾರಸ್ಯಕರ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆ ವಿನ್ಯಾಸವೊಂದನ್ನು ರೂಪಿಸಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. 2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು; ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸವೇ. ಮುದ್ರಣಾಲಯಗಳಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ವಾಣಿಜ್ಯ ತಂತ್ರಾಂಶಗಳೂ ಬಳಕೆಗೆ ಬಂದವು. ಬೆಲೆ ಕಡಿಮೆಯೆಂಬ ಕಾರಣಕ್ಕೆ ತಾಲ್ಲೂಕು ಕೇಂದ್ರಗಳಲ್ಲಿ ನೆಲೆಯೂರಿದ್ದು ವಿಂಡೋಸ್ ಕಂಪ್ಯೂಟರ್. ಹೀಗಾಗಿ ಒಂದು ಪೀಳಿಗೆಯ ಕನ್ನಡ ಬರಹ ವಿಂಡೋಸ್ ಮನೆಯಲ್ಲೇ ಹುಟ್ಟಿತು.

ವಠಾರದ ಲೆಕ್ಕ

ಮ್ಯಾಕ್‌ನಲ್ಲಿ ವಿಂಡೋಸ್ ನಡೆಸುವ ವಿಧಾನಕ್ಕೆ ವರ್ಚುವಲೈಸೇಷನ್ ಎಂದು ಹೆಸರು. ಮೈಸೂರಿನ ಹಳೆಯ ವಠಾರಗಳನ್ನು ಕಂಡವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಕಟ್ಟಡ ಒಂದೇ, ಬಾವಿ ಒಂದೇ; ಆದರೆ ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಅಡುಗೆಮನೆ. ವಠಾರದ ಯಜಮಾನನಂತೆ ಈ ತಂತ್ರಾಂಶವು ಮ್ಯಾಕ್‌ನ ಸ್ಮರಣೆ ಮತ್ತು ಡಿಸ್ಕಿನಲ್ಲಿ ಒಂದು ಪಾಲನ್ನು ಬೇರ್ಪಡಿಸಿ ವಿಂಡೋಸ್‌ಗೆ ಬಿಟ್ಟುಕೊಡುತ್ತದೆ. ಇಡೀ ಕಂಪ್ಯೂಟರ್ ತನ್ನದೇ ಎಂಬ ಭಾವನೆಯಲ್ಲಿ ವಿಂಡೋಸ್ ಕೆಲಸ ಮಾಡುತ್ತಿರುತ್ತದೆ. ಇದು ಹೊಸ ಕಲ್ಪನೆಯೇನಲ್ಲ. ಐಬಿಎಂ ಸಂಸ್ಥೆ 1960ರ ದಶಕದಲ್ಲೇ ತನ್ನ ದೊಡ್ಡ ಗಣಕಗಳಲ್ಲಿ ಇದನ್ನು ಪ್ರಯೋಗಿಸಿತ್ತು.

ಒಂದು ವಿಷಯವನ್ನು ಮರೆಯಬಾರದು. ಬಾಡಿಗೆದಾರನಿಗೆ ಕೊಟ್ಟ ಕೋಣೆ ಮನೆಯವರಿಗೆ ಸಿಗುವುದಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮರಣೆ ಹಾಗೂ 64 ಜಿಬಿ ಡಿಸ್ಕ್ ಜಾಗ ಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ. ಒಟ್ಟು 8 ಜಿಬಿ ಸ್ಮರಣೆಯಿರುವ ಮ್ಯಾಕ್‌ನಲ್ಲಿ ಇಬ್ಬರಿಗೂ ಇಕ್ಕಟ್ಟಾಗುತ್ತದೆ. 16 ಜಿಬಿ ಇದ್ದರೆ ನೆಮ್ಮದಿ.

ಮೊದಲು ಚಿಪ್ ನೋಡಬೇಕು

ಆಯ್ಕೆಯನ್ನು ನಿಜವಾಗಿ ನಿರ್ಧರಿಸುವುದು ಮ್ಯಾಕ್‌ನ ಚಿಪ್. ಆಪಲ್ ಸಂಸ್ಥೆ ಈವರೆಗೆ ಹಲವು ಬಾರಿ ಚಿಪ್‌ಗಳ ಜಾತಿಯನ್ನೇ ಬದಲಿಸಿದೆ. ಹಿಂದಿನ ಪವರ್‌ಪಿಸಿ ಚಿಪ್‌ಗೆ ವಿಂಡೋಸ್‌ನ ಭಾಷೆ ಬರುತ್ತಿರಲಿಲ್ಲ. ಹಾಗಾಗಿ 1997ರಲ್ಲಿ ಕನೆಕ್ಟಿಕ್ಸ್ ಸಂಸ್ಥೆ ತಂದ ‘ವರ್ಚುವಲ್ ಪಿಸಿ’ ದುಭಾಷಿಯಂತೆ ಪ್ರತಿ ಆದೇಶವನ್ನೂ ಅನುವಾದಿಸಿ ಹೇಳಬೇಕಾಗುತ್ತಿತ್ತು. ಕೆಲಸ ನಡೆಯುತ್ತಿತ್ತು, ಆದರೆ ನಿಧಾನ. 2006ರಲ್ಲಿ ಮ್ಯಾಕ್‌ಗಳು ಇಂಟೆಲ್ ಚಿಪ್‌ಗೆ ಬದಲಾದವು. ವಿಂಡೋಸ್ ಬಲ್ಲ ಚಿಪ್ಪೇ ಬಂದಮೇಲೆ ದುಭಾಷಿಯ ಅಗತ್ಯ ತಪ್ಪಿತು. ಅದೇ ವರ್ಷ ಪ್ಯಾರಲಲ್ಸ್, ಮರುವರ್ಷ ವಿಎಂವೇರ್ ಫ್ಯೂಷನ್ ಮಾರುಕಟ್ಟೆಗೆ ಬಂದವು.

2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಆದ ಎಂ1 ಚಿಪ್ ಅಳವಡಿಸಿದಾಗ ಪರಿಸ್ಥಿತಿ ಮತ್ತೆ ಬದಲಾಯಿತು. ಎಂ ಸರಣಿಯ ಚಿಪ್‌ಗಳು ಆರ್ಮ್ ಜಾತಿಯವು. ಅವುಗಳಲ್ಲಿ ಸಾಮಾನ್ಯ ವೇಗದಲ್ಲಿ ನಡೆಯುವುದು ಆರ್ಮ್‌ಗಾಗಿಯೇ ಮಾಡಿದ ವಿಂಡೋಸ್ 11 ಮಾತ್ರ. ನುಡಿ, ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶಗಳನ್ನು ಬರೆದದ್ದು ಇಂಟೆಲ್ ಬಗೆಯ ಚಿಪ್‌ಗಾಗಿ. ಅವುಗಳಿಗಾಗಿ ಆ ವಿಂಡೋಸ್ ಒಳಗೇ ಒಬ್ಬ ದುಭಾಷಿ ಇದ್ದಾನೆ. ಸಾಧಾರಣ ತಂತ್ರಾಂಶಗಳಿಗೆ ಅವನು ಸಾಕು.

ಆದರೆ ಎರಡು ಕಡೆ ಅವನ ಆಟ ನಡೆಯುವುದಿಲ್ಲ. ಕಂಪ್ಯೂಟರಿಗೆ ಚುಚ್ಚಿದ ಬೀಗದ ಕಡ್ಡಿ, ಅಂದರೆ ಡಾಂಗಲ್ ಇದ್ದರೆ ಮಾತ್ರ ತೆರೆದುಕೊಳ್ಳುವ ತಂತ್ರಾಂಶಗಳಿವೆ. ಆ ಕಡ್ಡಿಯ ಡ್ರೈವರ್ ಅನ್ನು ದುಭಾಷಿ ಅನುವಾದಿಸಲಾರ. ಆರ್ಮ್‌ಗಾಗಿ ಬರೆದ ಡ್ರೈವರೇ ಬೇಕು. ಎರಡನೆಯದಾಗಿ, ವಿಂಡೋಸ್ 3.1ರ ಕಾಲದ 16 ಬಿಟ್ ತಂತ್ರಾಂಶಗಳು ವಿಂಡೋಸ್ 11ರಲ್ಲಿ ನಡೆಯುವುದೇ ಇಲ್ಲ.

ಆಯ್ಕೆಗೆ ಇರುವವು

ಪ್ಯಾರಲಲ್ಸ್ ಡೆಸ್ಕ್‌ಟಾಪ್: ಸುಲಭದ ದೃಷ್ಟಿಯಿಂದ ಇದು ಮುಂದಿದೆ. ವಿಂಡೋಸ್ ಅನ್ನು ತಾನೇ ಇಳಿಸಿಕೊಂಡು ಸ್ಥಾಪಿಸುತ್ತದೆ. ಎಂ ಚಿಪ್‌ಗಳ ಮ್ಯಾಕ್‌ನಲ್ಲಿ ಆರ್ಮ್ ವಿಂಡೋಸ್ 11 ನಡೆಸಲು ಮೈಕ್ರೋಸಾಫ್ಟ್ 2023ರ ಫೆಬ್ರುವರಿಯಲ್ಲಿ ಇದಕ್ಕೆ ಅಧಿಕೃತ ಒಪ್ಪಿಗೆ ನೀಡಿತು. ಇದಕ್ಕೆ ಹಣ ತೆರಬೇಕು. ಕೊಳ್ಳುವ ಮುನ್ನ ಕೆಲವು ದಿನ ಉಚಿತವಾಗಿ ನಡೆಸಿ ನೋಡುವ ಅವಕಾಶವಿದೆ. ನಿತ್ಯ ವಿಂಡೋಸ್ ಬಳಸುವ ಕಚೇರಿಗೆ ಈ ಖರ್ಚು ಒಪ್ಪಬಹುದು. ನಾಲ್ಕು ಹಳೆಯ ಕಡತ ತೆರೆಯಲು ದುಬಾರಿಯೇ ಸರಿ.

ವಿಎಂವೇರ್ ಫ್ಯೂಷನ್: ಈ ಹಿಂದೆ ಇದಕ್ಕೂ ಬೆಲೆಯಿತ್ತು. ಬ್ರಾಡ್‌ಕಾಮ್ ಸಂಸ್ಥೆ ವಿಎಂವೇರ್ ಅನ್ನು ಕೊಂಡ ನಂತರ, 2024ರ ನವೆಂಬರ್‌ನಿಂದ ಎಲ್ಲರಿಗೂ ಉಚಿತ. ಸ್ಥಾಪನೆಯಲ್ಲಿ ಸ್ವಲ್ಪ ತಾಳ್ಮೆ ಬೇಕಾಗಬಹುದು. ಮನೆಬಳಕೆಗೆ ಬೇಕಾದಷ್ಟಾಯಿತು.

ವರ್ಚುವಲ್‌ಬಾಕ್ಸ್: ಒರ‍್ಯಾಕಲ್ ಸಂಸ್ಥೆಯ ಪೋಷಣೆಯಲ್ಲಿರುವ ಮುಕ್ತ ತಂತ್ರಾಂಶ. ಇಂಟೆಲ್ ಮ್ಯಾಕ್‌ಗಳಲ್ಲಿ ಇದರ ಬಳಕೆ ಹಳೆಯದು. ಎಂ ಚಿಪ್‌ಗಳ ಕಡೆಗೆ ತಿರುಗಿದ್ದು ತೀರ ಈಚೆಗೆ.

ಯುಟಿಎಂ: ಇದೂ ಮುಕ್ತ ತಂತ್ರಾಂಶ. ಒಂದು ವಿಶೇಷ ಗುಣ ಇದಕ್ಕಿದೆ. ಎಂ ಚಿಪ್‌ನ ಮೇಲೂ ಇಡೀ ಹಳೆಯ ಇಂಟೆಲ್ ಯಂತ್ರವನ್ನೇ ಅಣಕಿಸಿ ತೋರಿಸಬಲ್ಲದು. ಹಾಗಾಗಿ ವಿಂಡೋಸ್ ಎಕ್ಸ್‌ಪಿಯಂಥ ಹಳಬರನ್ನೂ ಎಬ್ಬಿಸಿ ಕೂರಿಸಬಹುದು. ವೇಗ ಕಡಿಮೆ. ಆದರೆ ಸ್ಮರಣ ಸಂಚಿಕೆಯ ಪುಟ ತೆರೆದು ಉಳಿಸಿಕೊಳ್ಳುವ ಕೆಲಸಕ್ಕೆ ವೇಗದ ಹಂಗೇನಿಲ್ಲ. ಇಂಥ ಹಳೆಯ ವಿಂಡೋಸ್‌ಗೆ ಇಂಟರ್‌ನೆಟ್ ಸಂಪರ್ಕ ಕೊಡದಿರುವುದು ಕ್ಷೇಮ.

ಇವುಗಳ ಜೊತೆಗೆ, ವಿಂಡೋಸ್ ಇಲ್ಲದೆಯೇ ವಿಂಡೋಸ್ ತಂತ್ರಾಂಶಗಳನ್ನು ನಡೆಸುವ ವೈನ್ ಎಂಬ ಉಚಿತ ತಂತ್ರಾಂಶವೂ ಅದನ್ನೇ ಆಧರಿಸಿದ, ಬೆಲೆ ತೆರಬೇಕಾದ ಕ್ರಾಸ್‌ಓವರ್ ಕೂಡ ಇವೆ. ಎಲ್ಲ ತಂತ್ರಾಂಶಗಳೂ ಇವುಗಳಿಗೆ ಒಗ್ಗುವುದಿಲ್ಲ. ಇಂಟೆಲ್ ಮ್ಯಾಕ್ ಇರುವವರಿಗೆ ಆಪಲ್‌ನದೇ ಬೂಟ್ ಕ್ಯಾಂಪ್ ಉಂಟು. ಅದು ವಠಾರವಲ್ಲ, ಒಂದು ಹೊತ್ತು ಮ್ಯಾಕ್, ಒಂದು ಹೊತ್ತು ವಿಂಡೋಸ್ ಎಂದು ಇಡೀ ಮನೆಯನ್ನೇ ಬಿಟ್ಟುಕೊಡುವ ಏರ್ಪಾಡು. ಎಂ ಚಿಪ್‌ಗಳಲ್ಲಿ ಅದಿಲ್ಲ. ಅಲ್ಲದೆ ಅದು ಅಧಿಕೃತವಾಗಿ ಒಪ್ಪುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಇನ್ನೊಂದು ಮಾತು. ವರ್ಚುವಲೈಸೇಷನ್ ತಂತ್ರಾಂಶ ಉಚಿತವಾದ ಮಾತ್ರಕ್ಕೆ ವಿಂಡೋಸ್ ಉಚಿತವಾಗುವುದಿಲ್ಲ. ಅದರ ಪರವಾನಗಿಯನ್ನು ಬೇರೆಯಾಗಿಯೇ ಪಡೆಯಬೇಕು.

ವಿಂಡೋಸ್ ಬೇಕೇ ಬೇಕೆ?

ಎಷ್ಟೋ ಸಂದರ್ಭಗಳಲ್ಲಿ ಬೇಕಾಗುವುದಿಲ್ಲ. ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿರುವ ವರ್ಡ್ ಕಡತವನ್ನು ಓದುವುದಷ್ಟೇ ಉದ್ದೇಶವಾದರೆ ಆ ಫಾಂಟನ್ನು ಮ್ಯಾಕ್‌ಗೆ ಹಾಕಿಕೊಂಡರೆ ಸಾಕು, ಬಹುಮಟ್ಟಿಗೆ ಕನ್ನಡ ಮರಳಿ ಕಾಣುತ್ತದೆ. ಹೊಸದಾಗಿ ಕನ್ನಡ ಬರೆಯಲಂತೂ ಮ್ಯಾಕ್‌ನಲ್ಲೇ ಕನ್ನಡದ ಕೀಲಿಮಣೆ, ಅಕ್ಷರಗಳು ಇವೆ. ವಿಂಡೋಸ್ ಅನಿವಾರ್ಯವಾಗುವುದು ಪುಟವಿನ್ಯಾಸದ ಕಡತಗಳಿಗೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಕಡತಗಳನ್ನು ಇಂದಿನ ಇನ್‌ಡಿಸೈನ್ ನೇರವಾಗಿ ತೆರೆಯುವುದಿಲ್ಲ. ಪುಟವನ್ನು ಇದ್ದಂತೆಯೇ ನೋಡಬೇಕಾದರೆ ಹಳೆಯ ತಂತ್ರಾಂಶವೇ ಬೇಕು, ಅದಕ್ಕೆ ವಿಂಡೋಸ್ ಬೇಕು.

ಬಿಡಾರದಿಂದ ಸ್ವಂತ ಮನೆಗೆ

ಆದರೂ ಮ್ಯಾಕ್‌ನೊಳಗಿನ ವಿಂಡೋಸ್ ತಾತ್ಕಾಲಿಕ ಬಿಡಾರವೇ ಹೊರತು ಶಾಶ್ವತ ನೆಲೆಯಲ್ಲ. ಚಿಪ್ ಇನ್ನೊಮ್ಮೆ ಬದಲಾದರೆ, ಸಂಸ್ಥೆಗಳು ಕೈ ಬದಲಾದರೆ ಮತ್ತೆ ಮೊದಲಿನಿಂದ ಹುಡುಕಾಟ ತಪ್ಪದು. ಕಡತಕ್ಕೆ ಸ್ವಂತ ಮನೆ ಎಂದರೆ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ 128 ಜಾಗಗಳ ಪ್ರತ್ಯೇಕ ವಿಭಾಗ ದೊರೆತಿದೆ. ಅಲ್ಲಿ ‘ನ’ ಎಂದರೆ ‘ನ’ವೇ, ಪೌಂಡಿನ ವೇಷವಿಲ್ಲ. ಫಾಂಟು ಬದಲಾದರೂ ಯಂತ್ರ ಬದಲಾದರೂ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ.

ಹಳೆಯ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಬದಲಿಸಿದ ಮೇಲೆ ಕರಡು ತಿದ್ದುವುದನ್ನು ಮಾತ್ರ ಬಿಡಬಾರದು. ತಿರುಮಕೂಡಲಿನ ಸಂಗಮದ ಬಗ್ಗೆ ಬರೆದ ಯಾವ ಪುಸ್ತಿಕೆಯಲ್ಲೂ ಬರುವ ‘ತೀರ್ಥ’ ಎಂಬ ಪದವನ್ನೇ ನೋಡಿ. ಹಳೆಯ ಕಡತದಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ಮೊದಲು ‘ಥ’, ಅದರ ಬಲಕ್ಕೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ಮೊದಲು ಅರ್ಧ ‘ರ’, ಆಮೇಲೆ ‘ಥ’. ಪರಿವರ್ತಕ ಎಡವುವ ಜಾಗಗಳಲ್ಲಿ ಇದೂ ಒಂದು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುವ ಸಂಭವವಿದೆ. ಒಂದೊಂದು ಹಾಳೆಯನ್ನೂ ಮೂಲದ ಮುದ್ರಿತ ಪ್ರತಿಯೊಡನೆ ಹೋಲಿಸಿ ನೋಡಬೇಕು.

ಹೀಗಾಗಿ ಕ್ರಮ ಇಷ್ಟು: ಮೊದಲು ಮೂಲ ಕಡತಗಳ ಪ್ರತಿಯೊಂದನ್ನು ಮುಟ್ಟದಂತೆ ಬೇರೆಡೆ ಇಡುವುದು, ಫಾಂಟಿನಿಂದಲೇ ಕೆಲಸವಾಗುತ್ತದೆಯೇ ಎಂದು ನೋಡುವುದು, ಆಗದಿದ್ದರೆ ಚಿಪ್ ಯಾವುದೆಂದು ತಿಳಿದು ಉಚಿತವಾದ ಫ್ಯೂಷನ್ ಅಥವಾ ಯುಟಿಎಂನಿಂದ ಆರಂಭಿಸುವುದು, ನಿತ್ಯದ ಕೆಲಸವಿದ್ದರೆ ಮಾತ್ರ ಪ್ಯಾರಲಲ್ಸ್‌ಗೆ ಹಣ ಹಾಕುವುದು. ತೆರೆದ ಕಡತವನ್ನು ಯೂನಿಕೋಡ್ ಬರಹವಾಗಿಯೂ, ಪುಟದ ರೂಪ ಉಳಿಯುವಂತೆ ಪಿಡಿಎಫ್ ಆಗಿಯೂ ಇಟ್ಟುಕೊಳ್ಳುವುದು. ಹಳೆಯ ಯಂತ್ರಗಳೂ ಅವುಗಳಲ್ಲಿ ಬೆರಳಾಡಿಸಿದವರ ನೆನಪೂ ಇನ್ನೂ ಉಳಿದಿರುವಾಗಲೇ ಈ ಕೆಲಸ ಆಗಬೇಕು. ಯಾವ ಫಾಂಟಿನಲ್ಲಿ ಟೈಪು ಮಾಡಿದ್ದೆಂದು ಹೇಳಬಲ್ಲವರು ಆ ಡಿಟಿಪಿ ಅಂಗಡಿಯವರೇ.