ಸಂಡೂರಿನ ನೆತ್ತಿಯ ಮೋಡ

ಬೇಸಗೆಯ ಮಳೆಯನ್ನು ಮುಂದಾಗಿ ಹೇಳುವವರ ಮೇಲೆ ನಮ್ಮ ಜನಕ್ಕೆ ಒಂದು ಬಗೆಯ ಮುನಿಸಿದೆ. "ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಂಭವವಿದೆ" ಎಂದು ಬಾನುಲಿ ಹೇಳುತ್ತದೆ. ಹೊಸಪೇಟೆಯಲ್ಲಿ ಒಂದು ಹನಿಯೂ ಉದುರುವುದಿಲ್ಲ. ಅದೇ ಸಂಜೆ ಸುಮಾರು 30 ಕಿಲೋಮೀಟರು ದೂರದ ಕಂಪ್ಲಿಯಲ್ಲಿ ಗೊನೆ ಹೊತ್ತ ಬಾಳೆಯ ತೋಟ ನೆಲಕ್ಕೊರಗುತ್ತದೆ. ಹೊಸಪೇಟೆಯವರು "ಎಲ್ಲಾ ಸುಳ್ಳು" ಎನ್ನುತ್ತಾರೆ, ಕಂಪ್ಲಿಯವರು "ಇಷ್ಟು ದೊಡ್ಡದೆಂದು ಯಾಕೆ ಹೇಳಲಿಲ್ಲ?" ಎಂದು ಕೇಳುತ್ತಾರೆ. ಇಬ್ಬರ ಸಿಟ್ಟೂ ನ್ಯಾಯವಾದುದೇ. ಆದರೆ ಇಬ್ಬರೂ ಕೇಳುವ ಪ್ರಶ್ನೆಗೆ ಬೆಳಗಿನ ಹೊತ್ತಿನಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ಆ ಉತ್ತರ ಹುಟ್ಟುವುದು ಮಧ್ಯಾಹ್ನದ ಮೇಲೆ.

ಏಪ್ರಿಲ್ ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ನಿಂತು ದಕ್ಷಿಣಕ್ಕೆ ನೋಡುವುದು ನನಗೆ ಬಹುಕಾಲದ ರೂಢಿ. ಹನ್ನೆರಡರವರೆಗೆ ಆಕಾಶ ಬೋಳು. ಎರಡು ಗಂಟೆಯ ಸುಮಾರಿಗೆ ಸಂಡೂರಿನ ಗುಡ್ಡಗಳ ನೆತ್ತಿಯ ಮೇಲೆ ಹಿಂಜಿದ ಹತ್ತಿಯಂಥ ಒಂದು ತುಣುಕು ಕಾಣಿಸಿಕೊಳ್ಳುತ್ತದೆ. ಅಲ್ಲಿಯೇ ಏಕೆ? ಬಯಲಿನ ಮೇಲೆ ಅಷ್ಟೇ ಎತ್ತರದಲ್ಲಿರುವ ಗಾಳಿಗಿಂತ ಬಿಸಿಲುಂಡ ಗುಡ್ಡದ ಇಳಿಜಾರಿಗೆ ತಾಗಿದ ಗಾಳಿ ಬೇಗ ಕಾಯುತ್ತದೆ, ಕಾದದ್ದು ಮೇಲಕ್ಕೇಳುತ್ತದೆ. ಗುಡ್ಡದ ಕಬ್ಬಿಣದ ಅದಿರು ಮೋಡವನ್ನು ಎಳೆಯುವುದೇ ಎಂದು ಕೇಳುವವರುಂಟು. ಅದಿರಿಗೆ ಇಲ್ಲಿ ಕೆಲಸವಿಲ್ಲ. ಎತ್ತರವೂ ಬಿಸಿಲೂ ಸಾಕು. ಬೇಕಾದುದು ತೇವ. ಈ ತಿಂಗಳುಗಳಲ್ಲಿ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ನಡುವೆ ಹಾದು ತಮಿಳುನಾಡಿನತ್ತ ಗಾಳಿಗಳು ಸಂಧಿಸುವ ಒಂದು ರೇಖೆ ಆಗಾಗ ಏರ್ಪಡುತ್ತದೆ. ವಾಯವ್ಯದಿಂದ ಒಣಗಾಳಿ, ಎರಡು ಕಡಲುಗಳಿಂದ ತೇವದ ಗಾಳಿ. ಆ ರೇಖೆ ಒಂದು ದಿನ ಪೂರ್ವಕ್ಕೆ, ಮರುದಿನ ಪಶ್ಚಿಮಕ್ಕೆ ಸರಿಯುತ್ತದೆ. ನಮ್ಮ ಅದೃಷ್ಟವೂ ಅದರೊಡನೆ ಸರಿಯುತ್ತದೆ.

ಮುಂಜಾನೆ ಐದೂವರೆಗೆ ಬೆಂಗಳೂರು, ಗೋವೆ, ಹೈದರಾಬಾದುಗಳಲ್ಲಿ ಹಾರಿಬಿಡುವ ಬಲೂನುಗಳು ಮೇಲಣ ಗಾಳಿಯ ಶಾಖವನ್ನೂ ತೇವವನ್ನೂ ಅಳೆದು ತಿಳಿಸುತ್ತವೆ. ಕೆಲವು ದಿನ ಒಂದೆರಡು ಕಿಲೋಮೀಟರು ಎತ್ತರದಲ್ಲಿ ಬಿಸಿಗಾಳಿಯ ಪದರವೊಂದು ಗಡಿಗೆಯ ಮುಚ್ಚಳದಂತೆ ಕುಳಿತಿರುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಬರೀ ಸೆಕೆ. ಸಂಜೆಗೆ ಹಾರಿಹೋದರೆ, ದಿನವೆಲ್ಲ ಒಳಗೆ ಕುದಿದದ್ದು ಒಮ್ಮೆಗೇ ಉಕ್ಕುತ್ತದೆ. ಬಿರುಗಾಳಿ, ಆಲಿಕಲ್ಲುಗಳ ದಿನ ಸಾಮಾನ್ಯವಾಗಿ ಅದೇ. ಆದುದರಿಂದ ಬೆಳಗಿನ ಮುನ್ಸೂಚನೆ "ಇಂದು ಅಂಥ ದಿನ" ಎನ್ನಬಲ್ಲುದೇ ಹೊರತು "ಇಂಥ ಊರು" ಎನ್ನಲಾರದು.

ಮೋಡದ ಆಯುಸ್ಸೂ ಅಲ್ಪ. 1946ರಲ್ಲಿ ಫ್ಲಾರಿಡಾದಲ್ಲಿಯೂ ಮರುವರ್ಷ ಒಹಾಯೋದಲ್ಲಿಯೂ ಬೈಯರ್ಸ್ ಮತ್ತು ಬ್ರಹಾಂ ಎಂಬ ವಿಜ್ಞಾನಿಗಳ ತಂಡ, ಒಂದರ ಮೇಲೊಂದರಂತೆ ಹಲವು ಎತ್ತರಗಳಲ್ಲಿ ವಿಮಾನಗಳನ್ನು ಗುಡುಗುಮೋಡದ ಒಳಕ್ಕೇ ಹಾರಿಸಿತು. ಎಂಥ ಎದೆಗಾರಿಕೆ! ಮೋಡದ ಒಂದೊಂದು ಒಡಲೂ ಮೊದಲು ಬರೀ ಮೇಲೇರುವ ಗಾಳಿಯಾಗಿ, ಬಳಿಕ ಏರಿಳಿತಗಳೆರಡೂ ಕೂಡಿ, ಕಡೆಗೆ ಬರೀ ಇಳಿಯುವ ತಂಪುಗಾಳಿಯಾಗಿ ಸುಮಾರು ಒಂದು ಗಂಟೆಯೊಳಗೆ ಮುಗಿದುಹೋಗುತ್ತದೆಂದು ಅವರು ಕಂಡುಕೊಂಡರು. ನಮ್ಮ ಬಯಲಿನಲ್ಲಿ ಮಳೆಗೆ ಮುನ್ನ ಎದ್ದುಬರುವ ಕೆಂಪು ಧೂಳಿನ ಗೋಡೆ ಆ ಇಳಿಗಾಳಿಯ ಮುಂಚೂಣಿ. ಅದು ಮುಂದೆ ನುಗ್ಗಿ ಅಲ್ಲಿನ ಬಿಸಿಗಾಳಿಯನ್ನು ಎತ್ತಿ ಹೊಸ ಮೋಡವನ್ನು ಹುಟ್ಟಿಸುತ್ತದೆ. ಸಂಡೂರಿನಲ್ಲಿ ಸತ್ತ ಮೋಡದ ಮಗು ಹಂಪಿಯ ಮೇಲೆ ಗುಡುಗುವುದು ಹೀಗೆ.

ಇದನ್ನು ಕಾಣಲು ರಾಡಾರು ಬೇಕು. ಗೋವೆಯ ರಾಡಾರಾಗಲಿ ಹೈದರಾಬಾದಿನದಾಗಲಿ ಹೊಸಪೇಟೆಗೆ 250 ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿದೆ. ಭೂಮಿ ಬಾಗಿರುವುದರಿಂದ ಅದರ ಕಿರಣ ಇಲ್ಲಿಗೆ ಬರುವಷ್ಟರಲ್ಲಿ ಐದು ಕಿಲೋಮೀಟರಿಗಿಂತ ಮೇಲಕ್ಕೆ ಹೋಗಿರುತ್ತದೆ. ಮೋಡದ ತಲೆ ಕಾಣುತ್ತದೆ, ಕಾಲು ಕಾಣದು. ಉಪಗ್ರಹದ ಚಿತ್ರ ನೆರವಾಗುತ್ತದೆ. ಮಿಂಚನ್ನು ಗುರುತಿಸುವ ಕೇಂದ್ರಗಳ ಜಾಲವೂ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ', ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು' ಎಂಬ ಮೊಬೈಲು ತಂತ್ರಾಂಶಗಳು ಅದನ್ನೇ ನೆಚ್ಚಿವೆ. ಇವೆಲ್ಲವನ್ನೂ ನೋಡಿ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಎಚ್ಚರಿಕೆಯನ್ನು ಹೊರಡಿಸುತ್ತದೆ. ನನ್ನ ಮಟ್ಟಿಗೆ ಇಡೀ ವಿದ್ಯೆಯ ತಿರುಳು ಈ ಮೂರು ಗಂಟೆಗಳಲ್ಲಿದೆ.

ಹಿರಿಯರಿಗೆ ಇದು ತಿಳಿಯದೆ ಇರಲಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದರು. ಅದು ಹಲವು ತಲೆಮಾರುಗಳ ಸರಾಸರಿ ಲೆಕ್ಕ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಮಳೆಯನ್ನು ನಿರೀಕ್ಷಿಸಬಹುದೆಂಬ ಮಾತು. ಭರಣಿಯನ್ನು ನಂಬಿದ ರೈತನೂ ಕಣದಲ್ಲಿ ಕಾಳು ಹರವುವ ಮೊದಲು ಕತ್ತೆತ್ತಿ ನೋಡುತ್ತಿದ್ದ.

ಕಂಪ್ಲಿಯ ಕಾಲುವೆ ನೀರಿನ ಬೇಸಗೆ ಬತ್ತ ಕಣಕ್ಕೆ ಬರುವುದೂ ಈ ದಿನಗಳಲ್ಲಿಯೇ. ರಾಶಿಯ ಮೇಲೆ ತಾಡಪತ್ರಿ ಹೊದಿಸಲು ಮೂರು ಗಂಟೆ ಧಾರಾಳ. ಬಾಳೆಗೆ ಊರುಗೋಲು ಕೊಡಲು ಸಾಲದು, ನಿಜ. ಕುರಿಗಾಹಿ ಬಯಲಿನ ಮರವನ್ನು ಬಿಟ್ಟು ಊರು ಸೇರಲು ಸಾಕು. 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2800ಕ್ಕೂ ಹೆಚ್ಚು.

ಆದರೆ ಎಚ್ಚರಿಕೆ ಬರುವುದು ಜಿಲ್ಲೆಯ ಹೆಸರಿನಲ್ಲಿ. 2021ರಲ್ಲಿ ಜಿಲ್ಲೆ ಒಡೆದ ಮೇಲೆ ಹೊಸಪೇಟೆ ಹಂಪಿಗಳು ವಿಜಯನಗರಕ್ಕೆ ಸೇರಿದವು. ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ಮೋಡಕ್ಕೆ ಈ ಗಡಿ ಗೊತ್ತಿಲ್ಲ. "ಬಳ್ಳಾರಿ ಜಿಲ್ಲೆ" ಎಂದು ಬಂದ ಸೂಚನೆಯನ್ನು ಹೊಸಪೇಟೆಯವರು ತಮ್ಮದಲ್ಲವೆಂದು ಮಡಿಸಿಟ್ಟರೆ, ಸಂಡೂರಿನಲ್ಲಿ ಎದ್ದದ್ದು ಹೇಳದೆ ಕೇಳದೆ ಅವರ ಮನೆಗೆ ಬಂದಂತಾಯಿತು. ಎರಡು ಜಿಲ್ಲೆಗಳ ಸೂಚನೆಯನ್ನೂ ಓದುವುದು ಒಳ್ಳೆಯದು. ತಾಲ್ಲೂಕುಗಳ ಹೆಸರು ಹಿಡಿದು ಸೂಚನೆ ಹೊರಡಿಸಿದರೆ ಇನ್ನೂ ಒಳ್ಳೆಯದು.

ಹಂಪಿಗೆ ಬರುವ ವಿದ್ಯಾರ್ಥಿಗಳಿಗೆ ಮತ್ತೊಂದು ಮಾತು. ಮಳೆ ಬಂತೆಂದು ಹಳೆಯ ಮಂಟಪಗಳೊಳಗೆ ನುಗ್ಗಬೇಡಿ. 2024ರ ಮೇ ತಿಂಗಳ ಮಳೆಯಲ್ಲಿ ವಿರೂಪಾಕ್ಷನ ಗುಡಿಯ ಮುಂದಣ ಸಾಲುಮಂಟಪದ ಒಂದು ಭಾಗ ಕುಸಿದುಬಿದ್ದಿತು. ಗೋಡೆಯಿಲ್ಲದ ಮಂಟಪ ಸಿಡಿಲನ್ನೂ ತಡೆಯದು. ಮಾತಂಗ ಬೆಟ್ಟದ ಮೇಲಿದ್ದಾಗ ದೂರದಲ್ಲಿ ಗುಡುಗು ಕೇಳಿಸಿತೇ, ಇಳಿಯಲು ತೊಡಗಿ. ಮಿಂಚಿದ ಮೇಲೆ ಗುಡುಗಿಗೆ ಎಷ್ಟು ಸೆಕೆಂಡೆಂದು ಎಣಿಸಿ ಮೂರರಿಂದ ಭಾಗಿಸಿದರೆ ಕಿಲೋಮೀಟರಿನ ಲೆಕ್ಕ ಸಿಕ್ಕುತ್ತದೆ. ಹತ್ತೆಂದು ಬಂದರೂ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿಸಿ ಅರ್ಧ ಗಂಟೆಯಾಗುವವರೆಗೆ ಕೆಳಗೆ ಗಟ್ಟಿ ಮನೆಯಲ್ಲೋ ಬಾಗಿಲು ಮುಚ್ಚಿದ ಬಸ್ಸಿನಲ್ಲೋ ಕುಳಿತಿರಿ.