ಪಕ್ಕದ ಮನೆಯ ಪಿಲ್ಲರ್ ನಮ್ಮ ಜಾಗಕ್ಕೆ ಬಂದಾಗ

ಹೈದರಾಬಾದಿನಲ್ಲಿ ಪಕ್ಕದ ಮನೆಯವರೊಂದಿಗೆ ಜಾಗದ ತಕರಾರು ಜೋರಾದರೆ ಯಾರಾದರೊಬ್ಬರು "ನಡೀರಿ, ನಾಂಪಲ್ಲಿ ಕೋರ್ಟಿನಲ್ಲೇ ನೋಡ್ಕೊಳ್ಳೋಣ" ಅನ್ನುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಾಂಪಲ್ಲಿಯಲ್ಲೇ ಮನೆ ಇರುವವರಿಗಂತೂ ಆ ಕೋರ್ಟು ನಡೆದುಕೊಂಡು ಹೋಗುವಷ್ಟು ಹತ್ತಿರ. ಆದರೆ ಅಲ್ಲಿರುವುದು ಕ್ರಿಮಿನಲ್ ಕೋರ್ಟುಗಳ ಸಂಕೀರ್ಣ. ಗೋಡೆ ಒಂದಡಿ ಒಳಗೆ ಬಂದಿದೆ, ಸಜ್ಜಾ ನಮ್ಮ ಅಂಗಳದ ಮೇಲೆ ಚಾಚಿದೆ ಎನ್ನುವ ವ್ಯಾಜ್ಯ ಸಿಟಿ ಸಿವಿಲ್ ಕೋರ್ಟಿಗೆ ಸೇರಿದ್ದು. ಇಂಥ ವಿಷಯದಲ್ಲಿ ಯಾವ ಬಾಗಿಲು ತಟ್ಟಬೇಕು ಎಂದು ತಿಳಿಯುವುದರಲ್ಲೇ ಒಂದು ತಿಂಗಳು ಹೋಗುತ್ತದೆ. ಅಷ್ಟರಲ್ಲಿ ಪಕ್ಕದವರು ಸ್ಲ್ಯಾಬ್ ಹಾಕಿ ಮುಗಿಸಿರುತ್ತಾರೆ.

ನಾಂಪಲ್ಲಿ ನಮ್ಮ ಕಡೆಯವರಿಗೆ ಹೊಸ ಊರೇನಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿ. ನೌಕರಿ, ಆಸ್ಪತ್ರೆ, ವ್ಯಾಪಾರ ಎಂದು ಬಂದವರಲ್ಲಿ ಎಷ್ಟೋ ಮಂದಿ 1907ರಲ್ಲಿ ಕಟ್ಟಿದ ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದು ಸುತ್ತಮುತ್ತಲೇ ನೆಲೆ ನಿಂತರು. ಜನವರಿಯ ನುಮಾಯಿಷ್‌ಗೆ ಎಕ್ಸಿಬಿಷನ್ ಗ್ರೌಂಡಿಗೆ ಹೋದವರು ಮುಖ್ಯ ರಸ್ತೆ ಬಿಟ್ಟು ಒಳಗಿನ ಗಲ್ಲಿಗಳನ್ನು ನೋಡಿರಬಹುದು. ಹಳೆಯ ಅಂಗಳದ ಮನೆಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿ, ಆ ಪಾಲುಗಳು ಮತ್ತೆ ಮಾರಾಟವಾಗಿ, ಒಂದು ಕಾಲದ ಒಂದೇ ಮನೆ ಈಗ ನಾಲ್ಕಾಗಿರುತ್ತದೆ. ಎರಡು ಮನೆಗೆ ಒಂದೇ ಗೋಡೆ. ಅಂಥ ಕಡೆ ಒಬ್ಬರು ಮಹಡಿ ಏರಿಸಲು ಹೊರಟರೆ ಗೋಡೆ ಯಾರದು, ಅದರ ಮಧ್ಯದ ಗೆರೆ ಎಲ್ಲಿ ಎಂಬ ಪ್ರಶ್ನೆ ಏಳಲೇಬೇಕು.

ನಮ್ಮ ಕಾಕಾ ಇರುವುದು ಇಂಥದ್ದೇ ಒಂದು ಗಲ್ಲಿಯಲ್ಲಿ. ಬೀದರಿನಿಂದ ನೌಕರಿಗೆ ಬಂದು 140 ಗಜದ ಹಳೆ ಮನೆ ಕೊಂಡವರು. ಹೈದರಾಬಾದಿನಲ್ಲಿ ಜಾಗದ ಲೆಕ್ಕ ಗಜದಲ್ಲೇ. ಒಂದು ಚದರ ಗಜಕ್ಕೆ 9 ಚದರ ಅಡಿ. ಬೆಂಗಳೂರಿನ 30x40 ಸೈಟು ಇಲ್ಲಿ 133 ಗಜ ಚಿಲ್ಲರೆ. ಕಾಕಾರ ಜಾಗ 28 ಅಡಿ ಅಗಲ, 45 ಅಡಿ ಉದ್ದ. ಉದ್ದದ ಬದಿಯಲ್ಲಿ ಪಕ್ಕದವರು ಒಂದಡಿ ಒಳಗೆ ಬಂದರೆ 5 ಗಜ ಹೋಯಿತು. "ಒಂದಡಿ ತಾನೇ" ಅನ್ನುವವರು ಆ 5 ಗಜಕ್ಕೆ ಅಲ್ಲಿನ ಇವತ್ತಿನ ದರ ಹಾಕಿ ನೋಡಲಿ.

ಪಕ್ಕದ ಮನೆಯ ಭಾಯಿ ಮೂರನೇ ಮಹಡಿ ಏರಿಸಲು ಹೊರಗಿನಿಂದ ಹೊಸ ಮೆಟ್ಟಿಲು ಕಟ್ಟಿಸತೊಡಗಿದರು. ಅದಕ್ಕೆ ತೋಡಿದ ಪಿಲ್ಲರ್ ಗುಂಡಿಗಳಲ್ಲಿ ಎರಡು ಕಾಕಾರ ಓಣಿಯೊಳಗೆ ಇದ್ದವು. ಕಾಕಾ ಬಾಯಿ ಬಿಡಲಿಲ್ಲ. 2021ರಲ್ಲಿ ಕೊರೋನಾದ ಎರಡನೇ ಅಲೆ ಬಂದಾಗ ಕಾಕಿಗೆ ಉಸಿರಾಟ ಕಷ್ಟವಾಗಿ, ರಾತ್ರಿ ಎರಡು ಗಂಟೆಗೆ ಆಕ್ಸಿಜನ್ ಸಿಲಿಂಡರ್ ಹೊತ್ತು ತಂದವನು ಅದೇ ಭಾಯಿಯ ಮಗ. "ಅವನಿಗೆ ನೋಟಿಸ್ ಕಳಿಸ್ಲಾ ನಾನು?" ಎಂದು ಕಾಕಾ ಫೋನಿನಲ್ಲಿ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಹುಪಾಲು ಒತ್ತುವರಿಗಳು ಹೀಗೆಯೇ. ಎದುರಿಗೆ ಭೂಮಾಫಿಯಾ ಇರುವುದಿಲ್ಲ, ನಾಳೆ ಬೆಳಿಗ್ಗೆ ಮತ್ತೆ ಮುಖ ನೋಡಬೇಕಾದ ಮನುಷ್ಯ ಇರುತ್ತಾನೆ.

ಇದರಲ್ಲಿ ಎರಡು ಬೇರೆ ಬೇರೆ ತಕರಾರುಗಳು ಕಲೆತಿರುತ್ತವೆ, ಅವನ್ನು ಮೊದಲು ಬಿಡಿಸಿಕೊಳ್ಳಬೇಕು. ಪಕ್ಕದವರು ತಮ್ಮದೇ ಜಾಗದಲ್ಲಿ ನಿಯಮ ಮೀರಿ ಕಟ್ಟುವುದು ಒಂದು: ಸೆಟ್‌ಬ್ಯಾಕ್ ಬಿಡದಿರುವುದು, ಅನುಮತಿಗಿಂತ ಹೆಚ್ಚು ಮಹಡಿ ಏರಿಸುವುದು. ಅದನ್ನು ನೋಡಬೇಕಾದ್ದು ಮಹಾನಗರ ಪಾಲಿಕೆ. ಅವರು ನಿಮ್ಮ ಜಾಗದೊಳಕ್ಕೆ ಬಂದಿರುವುದು ಇನ್ನೊಂದು. ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು. ಪಾಲಿಕೆಗೆ ಹೋಗಿ "ನನ್ನ ಜಾಗ ಒತ್ತಿದ್ದಾರೆ" ಎಂದು ಬರೆದುಕೊಟ್ಟರೆ, ಇದು ಮಾಲೀಕತ್ವದ ಪ್ರಶ್ನೆ, ನಮ್ಮದಲ್ಲ ಎಂಬ ಉತ್ತರ ಬರುತ್ತದೆ. ಅದು ಪೂರ್ತಿ ನುಣುಚಿಕೊಳ್ಳುವ ಮಾತೂ ಅಲ್ಲ. ಅದೇ ಅರ್ಜಿಯಲ್ಲಿ "ಅನುಮತಿ ಪಡೆದ ನಕ್ಷೆಯ ಪ್ರಕಾರ ಕಟ್ಟುತ್ತಿಲ್ಲ, ಸೆಟ್‌ಬ್ಯಾಕ್ ಬಿಟ್ಟಿಲ್ಲ" ಎಂದು ಬರೆದರೆ ಅವರು ಕೈ ತೊಳೆದುಕೊಳ್ಳುವುದು ಕಷ್ಟ.

ಪಾಲಿಕೆಯ ಕೈಯಲ್ಲಿ ಅಧಿಕಾರ ಇಲ್ಲದಿಲ್ಲ. 1955ರ ಜಿಎಚ್‌ಎಂಸಿ ಕಾಯ್ದೆಯ 452ನೇ ಸೆಕ್ಷನ್ ಪ್ರಕಾರ ಅಕ್ರಮ ಕಟ್ಟಡವನ್ನು ಯಾಕೆ ತೆಗೆಸಬಾರದು ಎಂದು ನೋಟಿಸ್ ಕೊಡಬಹುದು, 636ರ ಪ್ರಕಾರ ತೆಗೆಸಲೂಬಹುದು. ಎಷ್ಟು ಸೆಟ್‌ಬ್ಯಾಕ್ ಬಿಡಬೇಕು ಎನ್ನುವುದು 2012ರ ಕಟ್ಟಡ ನಿಯಮಗಳಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಜಿಒ 168ರಲ್ಲಿ ಇದೆ. ಅದು ನಿವೇಶನದ ಅಳತೆ, ಕಟ್ಟಡದ ಎತ್ತರ, ಎದುರಿನ ರಸ್ತೆಯ ಅಗಲ ನೋಡಿ ಬದಲಾಗುತ್ತದೆ. 2020ರ ಟಿಎಸ್-ಬಿಪಾಸ್ ಕಾಯ್ದೆಯಿಂದ ಒಂದು ಸಂಗತಿ ಬದಲಾಯಿತು. 75 ಗಜದೊಳಗಿನ ಜಾಗದಲ್ಲಿ 7 ಮೀಟರ್ ಎತ್ತರದವರೆಗೆ ಕಟ್ಟಲು ಅನುಮತಿಯೇ ಬೇಡ, ಒಂದು ರೂಪಾಯಿ ಕಟ್ಟಿ ನೋಂದಾಯಿಸಿಕೊಂಡರೆ ಸಾಕು. ಬಡವರಿಗೆ ಇದರಿಂದ ಅನುಕೂಲವಾಗಿದೆ, ನಿಜ. ಆದರೆ ಇಂಥ ಗಲ್ಲಿಗಳಲ್ಲಿ 50-60 ಗಜದ ತುಂಡುಗಳೇ ಹೆಚ್ಚು. ಕಟ್ಟುವ ಮೊದಲು ನಕ್ಷೆ ಪರಿಶೀಲಿಸುವವರು ಯಾರೂ ಇಲ್ಲದಾಗ ಗಡಿ ಕಾಯುವ ಕೆಲಸ ಪಕ್ಕದ ಮನೆಯವರದೇ ಆಗುತ್ತದೆ.

ದೂರು ಕೊಡಲು ಸೋಮವಾರದ ಪ್ರಜಾವಾಣಿ ಇದೆ. ಕನ್ನಡಿಗರಿಗೆ ಈ ಹೆಸರು ಕೇಳಿದ ಕೂಡಲೇ ಪೇಪರ್ ನೆನಪಾಗುತ್ತದೆ. ಹೈದರಾಬಾದಿನಲ್ಲಿ ಅದು ಅಧಿಕಾರಿಗಳು ಕುಳಿತು ಅಹವಾಲು ಕೇಳುವ ದಿನ. ಅದಕ್ಕೂ ಮೊದಲು ಮಾಹಿತಿ ಹಕ್ಕಿನಲ್ಲಿ ಪಕ್ಕದವರ ಮಂಜೂರಾದ ನಕ್ಷೆಯ ಪ್ರತಿ ಕೇಳಿ. ಅದು ಕೈಗೆ ಬಂದರೆ ಅರ್ಧ ವಾದ ಮುಗಿದಂತೆ. ಅವರೇ ಸಹಿ ಹಾಕಿ ಕೊಟ್ಟ ಅಳತೆ ಅದರಲ್ಲಿರುತ್ತದೆ.

"ಆಮೇಲೆ ದಂಡ ಕಟ್ಟಿ ರೆಗ್ಯುಲರೈಸ್ ಮಾಡಿಸ್ಕೊತೀವಿ" ಎಂಬ ಮಾತೂ ಬರುತ್ತದೆ. 2015ರ ಬಿಆರ್‌ಎಸ್ ಯೋಜನೆ ಇದ್ದದ್ದು 1985ರ ಜನವರಿ 1ರಿಂದ 2015ರ ಅಕ್ಟೋಬರ್ 28ರವರೆಗಿನ ಕಟ್ಟಡಗಳಿಗೆ. ಹೈಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿ ಅದರ ಅರ್ಜಿಗಳು ವರ್ಷಗಟ್ಟಲೆ ನಿಂತವು. ನಮ್ಮ ಕರ್ನಾಟಕದ ಅಕ್ರಮ-ಸಕ್ರಮಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು. ಇನ್ನು 2024ರ ಡಿಸೆಂಬರ್ 17ರಂದು ಮೀರತ್‌ನ ಪ್ರಕರಣವೊಂದರಲ್ಲಿ, ಅಧಿಕಾರಿಗಳು ತಡ ಮಾಡಿದರು, ಬಹಳ ವರ್ಷ ಕಳೆಯಿತು, ಬಹಳ ದುಡ್ಡು ಹಾಕಿದೆ ಎನ್ನುವ ಕಾರಣಕ್ಕೆ ಅಕ್ರಮ ಕಟ್ಟಡ ಸಕ್ರಮವಾಗದು ಎಂದು ಅದೇ ಕೋರ್ಟು ಹೇಳಿದೆ. ಅದೆಲ್ಲ ಇರಲಿ, ಇಂಥ ಯೋಜನೆಗಳು ಮನ್ನಿಸುವುದು ಅವರವರ ಜಾಗದೊಳಗಿನ ಉಲ್ಲಂಘನೆಯನ್ನು ಮಾತ್ರ. ನಿಮ್ಮ ಒಂದಡಿಯನ್ನು ಅವರ ಹೆಸರಿಗೆ ಸಕ್ರಮ ಮಾಡಿಕೊಡುವ ಅಧಿಕಾರ ಯಾವ ಸರ್ಕಾರಿ ಯೋಜನೆಗೂ ಇಲ್ಲ.

ಸೆಟ್‌ಬ್ಯಾಕ್ ಎಂದರೆ ಬರೀ ಗಾಳಿ ಬೆಳಕಿನ ವಿಷಯ ಎಂದು ತಿಳಿದವರಿದ್ದಾರೆ. ನಾಂಪಲ್ಲಿಯ ಬಜಾರ್‌ಘಾಟ್‌ನಲ್ಲಿ 2023ರ ನವೆಂಬರ್ 13ರಂದು, ನೆಲಮಹಡಿಯಲ್ಲಿ ಕೆಮಿಕಲ್ ಡ್ರಮ್ಮುಗಳನ್ನಿಟ್ಟಿದ್ದ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 9 ಮಂದಿ ಸತ್ತರು. ಅದು ಒತ್ತುವರಿಯಿಂದ ಆದ ದುರಂತವಲ್ಲ. ಆದರೆ ಮೇಲಿನ ಮಹಡಿಗಳಲ್ಲಿ ಸಿಕ್ಕಿಬಿದ್ದವರನ್ನು ಏಣಿ ಹಾಕಿ ಇಳಿಸಿದ ವಿಡಿಯೋ ನೋಡಿದಾಗ, ಏಣಿ ನಿಲ್ಲಿಸಲೂ ಜಾಗವಿಲ್ಲದ ನಮ್ಮ ಓಣಿಗಳು ನನ್ನ ಕಣ್ಣ ಮುಂದೆ ಬಂದವು.

ಇನ್ನು ಸಿವಿಲ್ ಕೋರ್ಟಿನ ಬಾಗಿಲು. ಅಲ್ಲಿ ಕಾಗದ ಮಾತಾಡುತ್ತದೆ. ಕ್ರಯಪತ್ರದಲ್ಲಿ ಅಳತೆಯ ಜೊತೆಗೆ ಚಕ್ಕುಬಂದಿಯೂ ಇರುತ್ತದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಗಲ್ಲಿ ಹೀಗೆ. ಗಜದ ಲೆಕ್ಕಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ನಂಬುತ್ತವೆ. ಹಾಗಾಗಿ ಪಕ್ಕದವರ ಕ್ರಯಪತ್ರದ ದೃಢೀಕೃತ ನಕಲನ್ನೂ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ, ಎರಡನ್ನೂ ಒಟ್ಟಿಗಿಟ್ಟು ಓದಬೇಕು. ನಾಂಪಲ್ಲಿಯಂಥ ಕಡೆ ಮೂಲ ಪತ್ರ ಉರ್ದು ಬೈನಾಮಾ ಆಗಿರುವುದು ಸಾಮಾನ್ಯ. ಉರ್ದು ಮಾಧ್ಯಮದಲ್ಲಿ ಓದಿದ ಕಲಬುರಗಿ, ಬೀದರಿನ ಹಳೆ ತಲೆಮಾರಿನವರು ಅದನ್ನು ಗಡಗಡ ಓದುತ್ತಿದ್ದರು. ನಾವು ಅನುವಾದಕರನ್ನು ಹುಡುಕಬೇಕು.

ಕಾಗದದ ಮೇಲಿನ ಗೆರೆಯನ್ನು ನೆಲದ ಮೇಲೆ ತೋರಿಸಲು ಸರ್ವೆ ಬೇಕು. ಊರಲ್ಲಿ ಹೊಲದ ಬದು ಒತ್ತಿದರೆ ಹದ್ದುಬಸ್ತಿಗೆ ಅರ್ಜಿ ಹಾಕುತ್ತೇವಲ್ಲ, ಹಾಗೆ ಹೈದರಾಬಾದಿನಲ್ಲಿ ಟೌನ್ ಸರ್ವೆ ದಾಖಲೆ ಇದೆ, ಸರ್ವೆ ಇಲಾಖೆಯ ಅಳತೆ ಇದೆ. ಐಟಿಯಲ್ಲಿರುವ ನನ್ನಂಥವರಿಗೆ ಒಂದು ಮಾತು: ಮೊಬೈಲಿನ ಜಿಪಿಎಸ್ ಹಿಡಿದು ಗಡಿ ಗುರುತಿಸಲು ಹೋಗಬೇಡಿ. ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ನಮ್ಮ ಜಗಳ ಇರುವುದು ಇಂಚುಗಳಲ್ಲಿ. ಮೊಬೈಲು ಉಪಯೋಗಕ್ಕೆ ಬರುವುದು ದಿನವೂ ಒಂದೇ ಜಾಗದಲ್ಲಿ ನಿಂತು, ಟೇಪ್ ಹಿಡಿದು ಫೋಟೋ ತೆಗೆಯಲು. ಕೆಲಸ ಯಾವ ದಿನ ಎಲ್ಲಿಗೆ ಬಂದಿತ್ತು ಎಂಬುದು ಮುಂದೆ ದೊಡ್ಡ ಸಾಕ್ಷಿ. ಆ ಫೋಟೋಗಳನ್ನು ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಕಾನೂನಿನ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಆದ್ದರಿಂದ ಮೂಲ ಫೈಲು ಅಳಿಸಬೇಡಿ.

ಕೋರ್ಟಿನಲ್ಲಿ ಮೊದಲು ಕೇಳುವುದು ತಾತ್ಕಾಲಿಕ ತಡೆಯಾಜ್ಞೆ. ಜೊತೆಗೆ ವಕೀಲರೊಬ್ಬರನ್ನು ಕಮಿಷನರ್ ಆಗಿ ನೇಮಿಸಿ ಸರ್ವೇಯರ್ ಸಮೇತ ಸ್ಥಳಕ್ಕೆ ಕಳಿಸಿ ಎಂದು ಕೇಳಬಹುದು. ನಿಮ್ಮ ಮಾಲೀಕತ್ವವನ್ನೇ ಪಕ್ಕದವರು ಗಂಭೀರವಾಗಿ ಅಲ್ಲಗಳೆದರೆ ಬರೀ ತಡೆಯಾಜ್ಞೆಯ ದಾವೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕು. ಜಾಗ ಆಗಲೇ ಅವರ ವಶಕ್ಕೆ ಹೋಗಿದ್ದರೆ ಸ್ವಾಧೀನವನ್ನೂ ಕೇಳಬೇಕು. 2008ರಲ್ಲಿ ವರಂಗಲ್‌ನ ಜಾಗವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ, ತೆಲಂಗಾಣದ ವಕೀಲರೆಲ್ಲರಿಗೂ ಅದು ಗೊತ್ತಿರುತ್ತದೆ.

ಎಲ್ಲಕ್ಕಿಂತ ಮುಖ್ಯ ಸಮಯ. ಗುಂಡಿ ತೋಡುವಾಗ ಹೋದವರಿಗೆ ತಡೆಯಾಜ್ಞೆ ಸಿಗುವ ಸಾಧ್ಯತೆ ಹೆಚ್ಚು. ಮೂರು ಮಹಡಿ ಏಳುವವರೆಗೆ ಸುಮ್ಮನೆ ನೋಡುತ್ತಿದ್ದು ಆಮೇಲೆ ಹೋದರೆ, ನೀವೇ ಒಪ್ಪಿಕೊಂಡಂತಿತ್ತಲ್ಲ ಎಂಬ ವಾದ ಎದುರಾಗುತ್ತದೆ. ಕಟ್ಟಡ ಒಡೆಸುವ ಬದಲು ಪರಿಹಾರದ ಹಣ ಕೊಡಿಸಿ ಕೋರ್ಟು ಮುಗಿಸಲೂಬಹುದು. ಪಕ್ಕದವರು ಬಹಿರಂಗವಾಗಿ, ನಿಮ್ಮ ಹಕ್ಕಿಗೆ ವಿರುದ್ಧವಾಗಿ 12 ವರ್ಷ ಆ ಜಾಗ ಅನುಭವಿಸಿದರೆ ಅದನ್ನು ಮರಳಿ ಪಡೆಯುವ ನಿಮ್ಮ ಹಕ್ಕೇ ಹೋಗುತ್ತದೆ. ಪುಣೆ, ಮುಂಬೈ, ದೆಹಲಿಯಲ್ಲಿದ್ದು ಊರಿನ ಮನೆಗೆ ಬೀಗ ಹಾಕಿರುವ ನಮ್ಮಂಥವರಿಗೆ 12 ವರ್ಷ ಗೊತ್ತಾಗದೆ ಕಳೆದುಹೋಗುತ್ತದೆ. ಹಬ್ಬಕ್ಕೆ ಹೋದಾಗ ದೇವರ ಕೋಣೆಯ ಜೊತೆಗೆ ಹಿತ್ತಲಿನ ಗಡಿಕಲ್ಲನ್ನೂ ನೋಡಿ ಬನ್ನಿ. ಬಾಡಿಗೆಗೆ ಕೊಟ್ಟಿದ್ದರೆ, ಪಕ್ಕದಲ್ಲಿ ಕಟ್ಟಡದ ಕೆಲಸ ಶುರುವಾದರೆ ತಿಳಿಸಬೇಕು ಎಂದು ಬಾಡಿಗೆದಾರರಿಗೆ ಹೇಳಿಡಿ.

ಪೊಲೀಸರ ವಿಷಯ ಚಿಕ್ಕದು. ಬೆದರಿಕೆ, ಹೊಡೆದಾಟ, ಅತಿಕ್ರಮ ಪ್ರವೇಶ ಆದರೆ ಹೋಗಲೇಬೇಕು. ಗಡಿ ಎಲ್ಲಿ ಎಂಬುದನ್ನು ಅವರು ತೀರ್ಮಾನಿಸಲಾರರು. ರಾತ್ರೋರಾತ್ರಿ ನೀವೇ ಗೋಡೆ ಒಡೆಸಿದರೆ ಮಾತ್ರ ನಿಜವಾಗಿಯೂ ನಾಂಪಲ್ಲಿ ಕೋರ್ಟಿಗೆ ಹೋಗಬೇಕಾದೀತು, ಆರೋಪಿಯಾಗಿ.

ಕಾಕಾರ ವಿಷಯಕ್ಕೆ ಬರುತ್ತೇನೆ. ನೋಟಿಸಿನ ಬದಲು ಸರ್ವೇಯರ್‌ನನ್ನು ಕರೆಸೋಣ, ಇಬ್ಬರೂ ಸೇರಿ ಖರ್ಚು ಹಾಕೋಣ ಎಂದು ಭಾಯಿಗೆ ಕೇಳಿದೆವು. ಅವರು ಒಪ್ಪಿದರು, ಸರ್ವೆ ಮುಗಿಯುವವರೆಗೆ ಕಾಂಕ್ರೀಟ್ ಹಾಕುವುದಿಲ್ಲ ಎಂದು ಬರೆದೂ ಕೊಟ್ಟರು. ಆ ಒಂದು ಚೀಟಿಯೇ ನಮಗೆ ತಡೆಯಾಜ್ಞೆಯಾಯಿತು. ಅಳತೆಯಲ್ಲಿ ಎರಡು ಪಿಲ್ಲರ್ ಗುಂಡಿಗಳೂ 11 ಇಂಚು ಒಳಗೆ ಬಂದಿದ್ದವು. ಜೊತೆಗೆ ಭಾಯಿಯ ಹಳೆಯ ಮೊದಲ ಮಹಡಿಯ ಸಜ್ಜಾ 9 ಇಂಚು ಕಾಕಾರ ಓಣಿಯ ಮೇಲಿತ್ತು, ಅದನ್ನು ಅಲ್ಲಿಯವರೆಗೆ ಯಾರೂ ಗಮನಿಸಿಯೇ ಇರಲಿಲ್ಲ.

ಗುಂಡಿ ಮುಚ್ಚಿ ಮೆಟ್ಟಿಲನ್ನು ಹಿಂದಕ್ಕೆ ಸರಿಸಲು ಭಾಯಿ ಒಪ್ಪಿದರು. ಸಜ್ಜಾ ಹಾಗೇ ಇರಲಿ ಎಂದರು ಕಾಕಾ. ಇರಲಿ, ಆದರೆ ಬರವಣಿಗೆಯಲ್ಲಿ ಇರಲಿ ಎಂದೆ ನಾನು. ಅನುಮತಿಯಿಂದ ಇರುವುದು ಎಷ್ಟು ವರ್ಷವಾದರೂ ಒತ್ತುವರಿಯ ಹಕ್ಕಾಗಿ ತಿರುಗುವುದಿಲ್ಲ. ಅಷ್ಟಕ್ಕೇ ನಿಲ್ಲಿಸಲೂಬಾರದು, ಅನುಮತಿ ನಂಬಿ ದುಡ್ಡು ಸುರಿದು ಪಕ್ಕಾ ಕಟ್ಟಿಕೊಂಡರೆ ಅದನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ ಎಂಬ ವಾದ ಕಾನೂನಿನಲ್ಲಿದೆ. ಅದಕ್ಕೇ ಕರಾರಿನಲ್ಲಿ ಮೂರು ಮಾತು ಬರೆಸಿದೆವು. ಸಜ್ಜಾದ ಕೆಳಗಿನ ಜಾಗ ಕಾಕಾರದು, ಈಗಿರುವ ಸಜ್ಜಾದ ಮೇಲೆ ಹೊಸದೇನೂ ಕಟ್ಟುವಂತಿಲ್ಲ, ಮುಂದೆ ಯಾವತ್ತಾದರೂ ಕಾಕಾ ಅಥವಾ ಅವರ ವಾರಸುದಾರರು ತಮ್ಮ ಮನೆ ಕಟ್ಟುವಾಗ ಕೇಳಿದರೆ ತೆಗೆಯಬೇಕು. ಸರ್ವೇಯರ್‌ನ ನಕ್ಷೆಯನ್ನು ಅದಕ್ಕೆ ಲಗತ್ತಿಸಿ ಇಬ್ಬರೂ ಸಹಿ ಹಾಕಿದರು, ಗಲ್ಲಿಯ ಇಬ್ಬರು ಸಾಕ್ಷಿ ಹಾಕಿದರು.

ಮೆಟ್ಟಿಲು ಸರಿಸಲು ಆದ ಖರ್ಚಿನಲ್ಲಿ ಅರ್ಧ ತಾವು ಕೊಡುತ್ತೇನೆ ಎಂದು ಕಾಕಾ ಆಮೇಲೆ ಹೇಳಿದರು. ತೋಡಿದ್ದು ಅವರು, ಮುಚ್ಚುವುದೂ ಅವರೇ, ನೀವ್ಯಾಕೆ ಕೊಡಬೇಕು ಎಂದು ನಾನು ವಾದಿಸಿದೆ. ಈಗಲೂ ನನಗೆ ಹಾಗೇ ಅನ್ನಿಸುತ್ತದೆ. ಕಾಕಾ ಕೇಳಲಿಲ್ಲ, ಮರುದಿನ ಬೆಳಿಗ್ಗೆ ಹೋಗಿ ಮೇಸ್ತ್ರಿಯ ಕೈಗೇ ಕೊಟ್ಟು ಬಂದರು.